ಹಿರಿಯರ ವಸತಿ ಸಮುಚ್ಚಯಕ್ಕೆ ಹೋಗುವ ಮುನ್ನ: ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಮಾರ್ಗದರ್ಶಿ

ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆ ನಿಂತಿದ್ದಾರೆ. ಸಕಲೇಶಪುರದ ಕಡೆಯ ತೋಟದ ಮನೆಯಲ್ಲೋ, ಹಾಸನದ ಕೆ.ಆರ್. ಪುರಂನಲ್ಲಿ ಸೇವೆಯಲ್ಲಿದ್ದಾಗ ಕಟ್ಟಿಸಿದ ಮನೆಯಲ್ಲೋ ಈಗ ಗಂಡ ಹೆಂಡತಿ ಇಬ್ಬರೇ, ಇಲ್ಲವೇ ಇಬ್ಬರಲ್ಲಿ ಒಬ್ಬರೇ ಉಳಿದಿದ್ದಾರೆ. ಹಿರಿಯರಿಗೆಂದೇ ಕಟ್ಟಿದ ವಸತಿ ಸಮುಚ್ಚಯಕ್ಕೆ ಹೋಗುವುದು ಒಳ್ಳೆಯದೇ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೆಲವು ಪತ್ರಗಳನ್ನು ಹಿರಿಯರೇ ಬರೆಯುತ್ತಾರೆ, ಕೆಲವನ್ನು ಅವರ ಮಕ್ಕಳು. ಎರಡರಲ್ಲೂ ಇರುವ ಅಂಜಿಕೆ ಒಂದೇ: ಹೋದ ಮೇಲೆ ತಪ್ಪಾಯಿತು ಅನ್ನಿಸಿದರೆ ಏನು ಮಾಡುವುದು?

ಹೊರಗಿನವರು ಈ ಪ್ರಶ್ನೆಗೆ ಹೌದು ಎಂದೋ ಬೇಡ ಎಂದೋ ಹೇಳಿಬಿಡುವುದು ಸರಿಯಾಗದು. ಆದರೆ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಯವರೆಗೆ ಕಾಯ್ದಿರಿಸಬೇಕು ಎಂಬುದಕ್ಕೆ ಒಂದು ಕ್ರಮವಿದೆ. ಮೊದಲ ಒಂದು ವರ್ಷ ಹಿಂದಿರುಗಿ ಬರುವ ದಾರಿಯನ್ನು ಮುಚ್ಚಿಕೊಳ್ಳಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮನೆ ಮಾರುವುದು, ದಾನಪತ್ರ ಬರೆದುಕೊಡುವುದು, ಉಳಿತಾಯದ ದೊಡ್ಡ ಪಾಲನ್ನು ಠೇವಣಿಯಾಗಿ ಕಟ್ಟುವುದು, ಈ ಮೂರೂ ಕಡೆಯ ಕೆಲಸಗಳು. ಮುಂದಿನ ಹಂತಗಳನ್ನು ಆ ನೋಟದಿಂದಲೇ ಜೋಡಿಸಿದ್ದೇನೆ.

ಮೊದಲು ಪದಗಳ ಅರ್ಥ

ಜಾಹೀರಾತುಗಳಲ್ಲಿ ಎಲ್ಲವನ್ನೂ ಸೀನಿಯರ್ ಲಿವಿಂಗ್ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ನಾವು ಇಲ್ಲಿ ಮಾತನಾಡುತ್ತಿರುವುದು ಸ್ವತಂತ್ರ ವಾಸದ ಸಮುಚ್ಚಯದ ಬಗ್ಗೆ. ಅಂದರೆ ತಮ್ಮ ಸ್ನಾನ, ಊಟ, ಔಷಧಿ, ಓಡಾಟವನ್ನು ತಾವೇ ನೋಡಿಕೊಳ್ಳಬಲ್ಲ ಹಿರಿಯರು ತಮ್ಮದೇ ಬೀಗ, ತಮ್ಮದೇ ಅಡುಗೆಮನೆ ಇರುವ ಮನೆಯಲ್ಲಿ ಇರುತ್ತಾರೆ. ಸಾಮೂಹಿಕ ಊಟದ ಮನೆ, ಶುಚಿಗೊಳಿಸುವವರು, ಕಾವಲು, ತುರ್ತು ಕರೆ, ವಾರಕ್ಕೊಮ್ಮೆಯೋ ಎರಡು ಬಾರಿಯೋ ಬರುವ ವೈದ್ಯರು ಇವೆಲ್ಲ ತಿಂಗಳ ಶುಲ್ಕಕ್ಕೆ ಸಿಗುತ್ತವೆ. ಸಹಾಯಸಹಿತ ವಾಸ ಬೇರೆ. ಅಲ್ಲಿ ಸ್ನಾನ ಮಾಡಿಸಲು, ಬಟ್ಟೆ ಹಾಕಲು, ಮಾತ್ರೆ ಕೊಡಲು ಸಹಾಯಕರು ಇರುತ್ತಾರೆ. ಹಾಸಿಗೆ ಹಿಡಿದವರನ್ನು ಹಗಲಿರುಳು ದಾದಿಯರು ನೋಡಿಕೊಳ್ಳುವ ಶುಶ್ರೂಷಾ ಕೇಂದ್ರ ಇನ್ನೂ ಬೇರೆ. ವೃದ್ಧಾಶ್ರಮವೆಂದರೆ ಬಹುಮಟ್ಟಿಗೆ ಟ್ರಸ್ಟುಗಳು ನಡೆಸುವ, ಕೊಠಡಿ ಹಂಚಿಕೊಂಡು ಇರುವ ವ್ಯವಸ್ಥೆ. ಸಮುಚ್ಚಯಕ್ಕೆ ಹೋಗುವವರನ್ನು ನೆಂಟರು "ವೃದ್ಧಾಶ್ರಮಕ್ಕೆ ಸೇರಿಸಿದರಂತೆ" ಎಂದು ಆಡಿಕೊಳ್ಳುವುದುಂಟು. ಆ ಮಾತಿಗೆ ಹೆದರಿ ನಿರ್ಧಾರ ಬದಲಿಸಬೇಕಾದ ಅಗತ್ಯವಿಲ್ಲ, ಆದರೆ ನೀವು ಹೋಗುತ್ತಿರುವುದು ಈ ನಾಲ್ಕರಲ್ಲಿ ಯಾವುದಕ್ಕೆ ಎಂಬುದು ನಿಮಗೆ ಸ್ಪಷ್ಟವಾಗಿರಲೇಬೇಕು.

ಆರಂಭಿಸುವ ಮುನ್ನ ಇವುಗಳನ್ನು ಒಂದೆಡೆ ಇಟ್ಟುಕೊಳ್ಳಿ: ಕಳೆದ 12 ತಿಂಗಳ ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಮತ್ತು ಠೇವಣಿಗಳ ವಿವರ, ಆರೋಗ್ಯ ವಿಮೆಯ ಪಾಲಿಸಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ಮನೆ ಮತ್ತು ಜಮೀನಿನ ಕಾಗದಪತ್ರ, ಜೊತೆಗೆ ಒಂದು ನೋಟ್ ಪುಸ್ತಕ. ಸಮುಚ್ಚಯದವರು ಹೇಳಿದ ಪ್ರತಿಯೊಂದು ಮಾತನ್ನೂ ದಿನಾಂಕ ಹಾಕಿ ಅದರಲ್ಲಿ ಬರೆದುಕೊಳ್ಳಬೇಕು.

ಹಂತ 1: ಹೋಗಬೇಕೆನ್ನಿಸಿದ್ದು ಏಕೆ ಎಂದು ಬರೆಯಿರಿ

ಗಂಡ ಹೆಂಡತಿ ಇಬ್ಬರೂ ಇದ್ದರೆ ಒಬ್ಬರ ಕಾಗದವನ್ನು ಇನ್ನೊಬ್ಬರು ನೋಡದಂತೆ ಬೇರೆಬೇರೆಯಾಗಿ ಬರೆಯಿರಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಯಜಮಾನರಿಗೆ ತೋಟದ ಮನೆ ಬಿಡಲು ಮನಸ್ಸಿರುವುದಿಲ್ಲ, ಆದರೆ ಐವತ್ತು ವರ್ಷ ಮೂರು ಹೊತ್ತು ಒಲೆ ಮುಂದೆ ನಿಂತ ಗೃಹಿಣಿಗೆ ಯಾರೋ ಮಾಡಿ ಬಡಿಸುವ ಊಟವೇ ದೊಡ್ಡ ಬಿಡುಗಡೆಯಾಗಿರಬಹುದು. ಇನ್ನೊಂದು ಮನೆಯಲ್ಲಿ ಇದು ತಿರುಗುಮುರುಗಾಗಿರಬಹುದು. ಇಬ್ಬರ ಕಾರಣಗಳೂ ಮೇಜಿನ ಮೇಲೆ ಬಂದ ಮೇಲೆಯೇ ಮುಂದಿನ ಮಾತು.

ಬರೆದ ಕಾರಣಗಳನ್ನು ಎರಡು ಗುಂಪು ಮಾಡಿ. ಮೆಟ್ಟಿಲು ಹತ್ತಲಾಗದು, ರಾತ್ರಿ ಕರೆಂಟು ಹೋದರೆ ಭಯ, ಕೆಲಸದವರು ಸಿಗುತ್ತಿಲ್ಲ ಎಂಬಂಥವು ಮನೆಗೆ ಸಂಬಂಧಿಸಿದವು. ಮಾತನಾಡುವವರಿಲ್ಲ, ದಿನ ಸಾಗುವುದಿಲ್ಲ ಎಂಬಂಥವು ಒಂಟಿತನಕ್ಕೆ ಸೇರಿದವು. ಮೊದಲ ಗುಂಪಿನ ಹಲವು ತೊಂದರೆಗಳಿಗೆ ಇರುವ ಮನೆಯಲ್ಲಿಯೇ ಪರಿಹಾರ ಉಂಟು. ಎರಡನೆಯ ಗುಂಪೇ ಹೆಚ್ಚಾಗಿದ್ದರೆ ಸಮುಚ್ಚಯದ ಪರವಾಗಿ ವಾದ ಬಲವಾಗುತ್ತದೆ.

ಎಚ್ಚರಿಕೆ: ಸಂಗಾತಿ ತೀರಿಕೊಂಡ ತಿಂಗಳುಗಳಲ್ಲಿ ಈ ನಿರ್ಧಾರ ಬೇಡ. ವೈಕುಂಠ ಸಮಾರಾಧನೆಗೆ ಬಂದ ಮಕ್ಕಳು ರಜೆ ಮುಗಿಯುವುದರೊಳಗೆ ಎಲ್ಲವನ್ನೂ ಇತ್ಯರ್ಥ ಮಾಡಿ ಹೋಗಬೇಕೆಂದು ಆತುರಪಡುತ್ತಾರೆ. ಅದು ಪ್ರೀತಿಯಿಂದಲೇ ಹುಟ್ಟಿದ ಆತುರ, ಆದರೂ ವರ್ಷಾಬ್ದಿಕ ಮುಗಿಯುವವರೆಗೆ ಕಾಯುವುದು ಮೇಲು.

ಹಂತ 2: ಇರುವ ಕಡೆಯಲ್ಲಿಯೇ ಏನಾಗುತ್ತದೆ, ನೋಡಿ

ಸ್ನಾನದ ಮನೆಗೆ ಜಾರದ ನೆಲಹಾಸು, ಗೋಡೆಗೆ ಹಿಡಿಕೆ, ಪಾಶ್ಚಾತ್ಯ ಕಮೋಡ್, ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ದೀಪ, ಇನ್ವರ್ಟರ್, ಅಂಗಳದ ಪಾಚಿ ಕೀಳಿಸುವ ವ್ಯವಸ್ಥೆ, ಇಷ್ಟನ್ನು ಮಾಡಿಸಿ ಆರು ತಿಂಗಳು ಇದ್ದು ನೋಡಿದವರಲ್ಲಿ ಕೆಲವರು ಹೋಗುವ ಯೋಚನೆಯನ್ನೇ ಕೈಬಿಡುತ್ತಾರೆ. ಮಲೆನಾಡಿನ ಹಿರಿಯರು ಬೀಳುವುದು ಹೆಚ್ಚಾಗಿ ಆಷಾಢದ ಮಳೆಯಲ್ಲಿ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಮತ್ತು ಒದ್ದೆ ಬಚ್ಚಲಲ್ಲಿ ಎಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ನಡುದಾರಿಯಿದೆ. ಸಕಲೇಶಪುರ, ಆಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆಯ ಭಯದಿಂದ ಬೆಳಗಿನ ನಡಿಗೆಯನ್ನೇ ಬಿಟ್ಟ ಹಿರಿಯರಿದ್ದಾರೆ. ಅಂಥವರು ತೋಟದ ಮನೆಯಿಂದ ನೇರವಾಗಿ ದೂರದ ಸಮುಚ್ಚಯಕ್ಕೆ ಹೋಗುವ ಬದಲು ಹಾಸನದಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ಆಸ್ಪತ್ರೆ, ಬ್ಯಾಂಕು, ದೇವಸ್ಥಾನ ನಡಿಗೆಯ ದೂರದಲ್ಲಿರುವ ಕಡೆ ನೆಲಮಹಡಿಯ ಬಾಡಿಗೆ ಮನೆ ಹಿಡಿಯಬಹುದು. ಮಾತು ಅದೇ, ಊಟ ಅದೇ, ನೆಂಟರು ಒಂದು ಬಸ್ಸಿನ ದೂರದಲ್ಲಿ. ತೋಟದ ಕೊಯ್ಲನ್ನು ನೋಡಿಕೊಳ್ಳುವುದಕ್ಕೂ ಅಡ್ಡಿಯಾಗದು. ಈ ದಾರಿಯನ್ನು ಯಾರೂ ಜಾಹೀರಾತು ಕೊಟ್ಟು ಮಾರುವುದಿಲ್ಲವಾದ್ದರಿಂದ ಅದು ಹಲವರಿಗೆ ಹೊಳೆಯುವುದೇ ಇಲ್ಲ.

ಹಂತ 3: ಸಿಗುವುದನ್ನೂ ಬಿಡಬೇಕಾದುದನ್ನೂ ಎದುರುಬದುರು ಇಡಿ

ಸಿಗುವುದು ಸಣ್ಣದಲ್ಲ. ಹೆಂಚು ಒಡೆದರೆ, ಪಂಪು ಕೆಟ್ಟರೆ ನೀವು ಓಡಾಡಬೇಕಾಗಿಲ್ಲ. ಸಂಜೆ ಹೊತ್ತು ಜೊತೆಗೆ ಕೂರಲು ನಿಮ್ಮದೇ ವಯಸ್ಸಿನ, ನಿಮ್ಮ ಕಾಲದ ನೆನಪುಗಳಿರುವ ಜನ ಇರುತ್ತಾರೆ. ರಾತ್ರಿ ಎದೆ ಹಿಡಿದರೆ ಕರೆಗೆ ಓಗೊಡುವವರಿರುತ್ತಾರೆ. ಮಕ್ಕಳು ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ ಔಷಧಿ, ಕೆಲಸದವರು, ಕರೆಂಟು ಇವುಗಳ ಸುತ್ತ ಸುತ್ತುವುದು ನಿಂತು, ಮಾತು ಮತ್ತೆ ಮಾತಾಗುತ್ತದೆ. ಇದನ್ನು ನಾನು ಬಲು ದೊಡ್ಡ ಲಾಭವೆಂದೇ ಎಣಿಸುತ್ತೇನೆ.

ಬಿಡಬೇಕಾದುದರಲ್ಲಿ ಊಟ ಮೊದಲನೆಯದು. ಹಲವು ಸಮುಚ್ಚಯಗಳಲ್ಲಿ ಸಾಮೂಹಿಕ ಅಡುಗೆ ಪೂರ್ತಿ ಸಸ್ಯಾಹಾರ. ಕೆಲವೆಡೆ ನಿಮ್ಮ ಮನೆಯೊಳಗೂ ಮಾಂಸ, ಮೀನು ಬೇಯಿಸುವಂತಿಲ್ಲ. ಕಡುಬು ಕೋಳಿಸಾರಿನ ಮನೆಯಿಂದ ಹೋದವರಿಗೆ ಇದು ಸಣ್ಣ ಮಾತಲ್ಲ. ಸಸ್ಯಾಹಾರಿಗಳಿಗೂ ಮುದ್ದೆ, ಅಕ್ಕಿ ರೊಟ್ಟಿ, ಉಪ್ಸಾರು ವಾರಕ್ಕೆ ಎಷ್ಟು ದಿನ ಸಿಗುತ್ತದೆ ಎಂಬುದು ಮುಖ್ಯ. ಎರಡನೆಯದು, ಸುತ್ತ ಇರುವವರೆಲ್ಲ ಹಿರಿಯರೇ. ಮಕ್ಕಳ ಗಲಾಟೆಯಿಲ್ಲ, ಮತ್ತು ಸಾವಿನ ಸುದ್ದಿ ಊರಿಗಿಂತ ಹೆಚ್ಚು ಸಲ ಬರುತ್ತದೆ. ಮೂರನೆಯದನ್ನು ಹೇಳಿಕೊಳ್ಳುವವರು ಕಡಿಮೆ. ಊರಿನಲ್ಲಿ ನಿಮಗೊಂದು ಸ್ಥಾನವಿದೆ. ಮೇಷ್ಟ್ರೇ, ಗೌಡ್ರೇ, ಅಮ್ಮಾವ್ರೇ ಎಂದು ಯಾರೋ ಕರೆಯುತ್ತಾರೆ. ಜಗಳ ಬಿಡಿಸಲು, ಮದುವೆ ಮಾತುಕತೆಗೆ ನಿಮ್ಮನ್ನು ಕೂರಿಸಿಕೊಳ್ಳುತ್ತಾರೆ. ಸಮುಚ್ಚಯದಲ್ಲಿ ನೀವು ಒಂದು ಮನೆ ನಂಬರಿನವರು. ಹೊಸ ಗೆಳೆತನ ಬೆಳೆಯಲು ಕಾಲ ಬೇಕು, ಬೆಳೆಯದೆಯೂ ಇರಬಹುದು. ಕೊಯಮತ್ತೂರಿನಂಥ ಕಡೆ ಹೋಗುವವರಿಗೆ ಇದರ ಜೊತೆಗೆ ಭಾಷೆಯ ಕೊರತೆಯೂ ಸೇರುತ್ತದೆ.

ಹಂತ 4: ಹಣದ ಲೆಕ್ಕ

ಮೂರು ಬಗೆಯ ವ್ಯವಹಾರಗಳಿವೆ. ಮನೆಯನ್ನು ಕ್ರಯಕ್ಕೆ ಕೊಳ್ಳುವುದು ಮೊದಲನೆಯದು. ದೊಡ್ಡ ಠೇವಣಿ ಕಟ್ಟಿ, ಬಿಟ್ಟು ಹೋಗುವಾಗ ಅದರ ಒಂದು ಭಾಗವನ್ನು ಹಿಂಪಡೆಯುವುದು ಎರಡನೆಯದು. ನಮ್ಮ ಕಡೆಯ ಭೋಗ್ಯದ ಮನೆಯನ್ನು ಹೋಲುತ್ತದೆ, ಆದರೆ ಭೋಗ್ಯದಲ್ಲಿ ತಿಂಗಳ ಹಣ ಕೊಡುವುದಿಲ್ಲ, ಇಲ್ಲಿ ಠೇವಣಿಯ ಮೇಲೆ ತಿಂಗಳ ಶುಲ್ಕವೂ ಇರುತ್ತದೆ. ಬರಿಯ ಮಾಸಿಕ ಬಾಡಿಗೆ ಮೂರನೆಯದು.

ಲೆಕ್ಕ ಹೇಗೆ ಹಾಕಬೇಕೆಂಬುದಕ್ಕೆ ಒಂದು ಉದಾಹರಣೆ ನೋಡಿ. ಠೇವಣಿ 30 ಲಕ್ಷ ರೂಪಾಯಿ, ಇಬ್ಬರಿಗೆ ಊಟ ಸೇರಿ ತಿಂಗಳಿಗೆ 35,000 ರೂಪಾಯಿ ಎಂದುಕೊಳ್ಳಿ. ಆ 30 ಲಕ್ಷ ನಿಮ್ಮ ಬಳಿಯೇ ಇದ್ದು ಶೇಕಡಾ 7ರ ಬಡ್ಡಿ ತಂದಿದ್ದರೆ ವರ್ಷಕ್ಕೆ 2,10,000, ತಿಂಗಳಿಗೆ 17,500 ರೂಪಾಯಿ ಬರುತ್ತಿತ್ತು. ಆದ್ದರಿಂದ ನಿಮ್ಮ ನಿಜವಾದ ತಿಂಗಳ ವೆಚ್ಚ 52,500 ರೂಪಾಯಿ. ಶುಲ್ಕ ವರ್ಷಕ್ಕೆ ಶೇಕಡಾ 8ರಂತೆ ಏರಿದರೆ 35,000 ಒಂಬತ್ತು ವರ್ಷದಲ್ಲಿ ಸುಮಾರು 70,000 ಆಗುತ್ತದೆ, ಹದಿನೈದು ವರ್ಷದಲ್ಲಿ 1,11,000 ಆಗುತ್ತದೆ. ಈಗ 68 ವಯಸ್ಸಿನವರು 83ರ ವಯಸ್ಸಿನಲ್ಲಿ ಆ ಮೊತ್ತ ಕಟ್ಟಬಲ್ಲರೇ ಎಂಬುದನ್ನು ಇಂದೇ ನೋಡಬೇಕು. ತುಟ್ಟಿಭತ್ಯೆ ಸಿಗುವ ಸರ್ಕಾರಿ ಪಿಂಚಣಿದಾರರ ಲೆಕ್ಕ ಬೇರೆ. ಠೇವಣಿಯ ಬಡ್ಡಿಯಲ್ಲಿ ಬದುಕುವವರ ಆದಾಯ ಏರುವುದಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಯೂ ಒಬ್ಬರು ಇಡಬಹುದಾದುದು ಗರಿಷ್ಠ 30 ಲಕ್ಷ ರೂಪಾಯಿ, ಮತ್ತು ಹಣ ಇಟ್ಟ ದಿನದ ಬಡ್ಡಿ ದರವೇ ಐದು ವರ್ಷ ನಡೆಯುತ್ತದೆ. ಕಾಫಿ, ಮೆಣಸಿನ ಆದಾಯವನ್ನು ನಂಬಿದವರು ಬೆಲೆ ಬಿದ್ದ ವರ್ಷದ ಆದಾಯವನ್ನು ಹಿಡಿದು ಲೆಕ್ಕ ಹಾಕಬೇಕೇ ಹೊರತು ಏರಿದ ವರ್ಷದ್ದನ್ನಲ್ಲ.

ಹೇಳಿದ ಮೊತ್ತ ಜಿಎಸ್‌ಟಿ ಸೇರಿಸಿಯೋ ಹೊರತುಪಡಿಸಿಯೋ ಎಂದು ಕೇಳಿ. ಸೇವೆಗೆ ತಕ್ಕಂತೆ ದರ ಬೇರೆಯಾಗುತ್ತದೆ. ಪೂರ್ತಿ ಮೊತ್ತದ ಮೇಲೆ ಶೇಕಡಾ 18 ಬಿದ್ದರೆ 35,000 ರೂಪಾಯಿ 41,300 ಆಗುತ್ತದೆ. ಒಬ್ಬರು ತೀರಿಕೊಂಡರೆ ಶುಲ್ಕ ಎಷ್ಟು ಇಳಿಯುತ್ತದೆ, ಮಕ್ಕಳ ಮನೆಗೆ ಎರಡು ತಿಂಗಳು ಹೋದರೆ ಊಟದ ಹಣ ಬಿಡುತ್ತಾರೆಯೇ, ವಿದ್ಯುತ್ ಮತ್ತು ನೀರಿಗೆ ಬೇರೆ ಬಿಲ್ಲೇ, ಅತಿಥಿಗಳ ಊಟಕ್ಕೆ ಎಷ್ಟು, ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ.

ಎಚ್ಚರಿಕೆ: ಈಗಿನ ಮನೆಯಲ್ಲಿ "ಖರ್ಚೇ ಇಲ್ಲ" ಎಂದು ತಿಳಿಯುವುದು ತಪ್ಪು. ಮನೆ ಕಂದಾಯ, ಪ್ರತಿ ವರ್ಷ ಮಳೆಗಾಲದ ಮುಂಚಿನ ಹೆಂಚಿನ ಕೆಲಸ, ಸುಣ್ಣಬಣ್ಣ, ಕೆಲಸದವರ ಸಂಬಳ, ಆಸ್ಪತ್ರೆಗೆ ಹೋಗುವ ಕಾರಿನ ಬಾಡಿಗೆ ಇವೆಲ್ಲವನ್ನೂ ಕೂಡಿಸಿ ಹೋಲಿಸಿ.

ಹಂತ 5: ಊರು ಮತ್ತು ಆಸ್ಪತ್ರೆ

ಈ ಎರಡು ಜಿಲ್ಲೆಗಳಿಂದ ಹೊರಟವರು ಸಾಮಾನ್ಯವಾಗಿ ಬೆಂಗಳೂರು, ಮೈಸೂರಿನ ಸುತ್ತಮುತ್ತ ನೋಡುತ್ತಾರೆ. ಮಲೆನಾಡಿನ ತಂಪು ಹವೆಯನ್ನು ತೋರಿಸಿ ತೋಟದ ನಡುವೆಯೇ ಮನೆ ಮಾರುವವರೂ ಇದ್ದಾರೆ. ನಕ್ಷೆಯ ಕಿಲೋಮೀಟರ್‌ಗಿಂತ ಮಳೆಗಾಲದ ಗಂಟೆಗಳನ್ನು ಎಣಿಸಿ. ಹಾಸನದಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 180ಕ್ಕೆ ಮೇಲೆ. ಚಿಕ್ಕಮಗಳೂರಿನಿಂದ ಹಾಸನವೇ 60 ಕಿಲೋಮೀಟರ್. ಹಾಸನದಲ್ಲಿ ಜನ ಹಿಮ್ಸ್ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ, ಹೃದ್ರೋಗಕ್ಕೆ ಜಯದೇವ ಸಂಸ್ಥೆಯ ಆಸ್ಪತ್ರೆ ಮೈಸೂರಿನಲ್ಲಿಯೂ ಉಂಟು. ಮಂಗಳೂರಿನ ಆಸ್ಪತ್ರೆಗಳನ್ನು ನಂಬಿಕೊಂಡಿರುವ ಸಕಲೇಶಪುರ, ಮೂಡಿಗೆರೆಯವರು ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದನ್ನು ಕಂಡೇ ಇದ್ದಾರೆ.

ನೋಡಹೋದ ಸಮುಚ್ಚಯದಿಂದ ಹತ್ತಿರದ ದೊಡ್ಡ ಆಸ್ಪತ್ರೆಗೆ ಸಂಜೆ ಆರು ಗಂಟೆಯ ವಾಹನ ದಟ್ಟಣೆಯಲ್ಲಿ ನೀವೇ ಒಮ್ಮೆ ಕಾರಿನಲ್ಲಿ ಹೋಗಿ ಸಮಯ ಬರೆದುಕೊಳ್ಳಿ. ಆ ಆಸ್ಪತ್ರೆ ನಿಮ್ಮ ವಿಮೆಯ ನಗದುರಹಿತ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ವಿಮಾ ಕಂಪನಿಯಿಂದಲೇ ತಿಳಿಯಿರಿ. ನಗದುರಹಿತ ಎಂದರೆ ನೀವು ಮೊದಲು ಹಣ ಕಟ್ಟದೆ, ಒಪ್ಪಿಗೆಯಾದ ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕೊಡುವ ವ್ಯವಸ್ಥೆ.

ಹಂತ 6: ಕಾಗದಪತ್ರ

ಕೊಳ್ಳುವುದಾದರೆ ಮೊದಲು ರೇರಾ ನೋಂದಣಿ ಸಂಖ್ಯೆ ಕೇಳಿ. ರೇರಾ ಎಂದರೆ 2016ರ ಸ್ಥಿರಾಸ್ತಿ ಕಾಯ್ದೆಯಡಿ ಬಂದ ನಿಯಂತ್ರಣ ಪ್ರಾಧಿಕಾರ. ಜಾಗ 500 ಚದರ ಮೀಟರ್ ಮೀರಿ, ಮನೆಗಳ ಸಂಖ್ಯೆ 8 ಮೀರಿದ ಹೊಸ ಯೋಜನೆಯನ್ನು ನೋಂದಾಯಿಸದೆ ಮಾರಾಟಕ್ಕೆ ಇಡುವಂತಿಲ್ಲ. ಮಾರಾಟ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಅವರು ಪಡೆಯುವಂತಿಲ್ಲ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಮುಗಿಸಬೇಕಾದ ದಿನಾಂಕ, ದೂರುಗಳು ಕಾಣುತ್ತವೆ. ತಿಂಗಳ ಬಾಡಿಗೆಗೆ ಪಡೆದವರು ಈ ಕಾಯ್ದೆಯ ಅರ್ಥದಲ್ಲಿ ಖರೀದಿದಾರರಲ್ಲ. ಅವರಿಗೆ ಕರಾರಿನ ಬರಹವೇ ರಕ್ಷಣೆ. ನಿವೃತ್ತರ ವಸತಿಗಳಿಗಾಗಿ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅದು ಕಾಯ್ದೆಯಷ್ಟು ಬಿಗಿಯಾದುದಲ್ಲ, ಆದರೂ ಅದನ್ನು ಪಾಲಿಸುತ್ತೀರಾ ಎಂದು ಕೇಳುವ ಹಕ್ಕು ನಿಮಗಿದೆ.

ತೋಟದ ನಡುವಿನ ಮನೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಆ ಸರ್ವೆ ನಂಬರು ವಸತಿ ಉದ್ದೇಶಕ್ಕೆ ಭೂ ಪರಿವರ್ತನೆಯಾಗಿದೆಯೇ, ಅಂದರೆ ಕೃಷಿ ಜಮೀನನ್ನು ಮನೆ ಕಟ್ಟಲು ಬಳಸಲು ಜಿಲ್ಲಾಧಿಕಾರಿಗಳ ಆದೇಶ ಇದೆಯೇ ಎಂದು ನೋಡಿ. ಪಹಣಿ, ಇ-ಖಾತೆ, ಋಣಭಾರ ಪ್ರಮಾಣಪತ್ರಗಳನ್ನು ನಿಮ್ಮ ವಕೀಲರಿಗೆ ತೋರಿಸಿ. ಜನ ಇ.ಸಿ. ಎಂದು ಕರೆಯುವ ಋಣಭಾರ ಪ್ರಮಾಣಪತ್ರದಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಅಡಮಾನ, ಮಾರಾಟಗಳ ವಿವರ ಇರುತ್ತದೆ. ಮಾರುವವರೇ ಗೊತ್ತುಮಾಡಿಕೊಟ್ಟ ವಕೀಲರ ಅಭಿಪ್ರಾಯವನ್ನು ಮಾತ್ರ ನಂಬಬೇಡಿ.

ಠೇವಣಿಯ ಕರಾರಿನಲ್ಲಿ ನಾಲ್ಕು ಸಾಲುಗಳಿಗೆ ಗೆರೆ ಎಳೆಯಿರಿ. ಬಿಟ್ಟ ಎಷ್ಟು ದಿನದೊಳಗೆ ಹಣ ಹಿಂದಿರುಗುತ್ತದೆ? "ಮುಂದಿನ ನಿವಾಸಿ ಬಂದ ಮೇಲೆ" ಎಂದು ಬರೆದಿದ್ದರೆ ದಿನಾಂಕವೇ ಇಲ್ಲವೆಂದು ಅರ್ಥ. 90 ದಿನ ಎಂಬಂತೆ ಸ್ಪಷ್ಟ ಅವಧಿ ಬರೆಸಿ. ವರ್ಷಕ್ಕೆ ಎಷ್ಟು ಕಡಿತ? ನಿವಾಸಿ ತೀರಿಕೊಂಡರೆ ಹಣ ಯಾರ ಕೈಗೆ, ಯಾವ ದಾಖಲೆಯ ಮೇಲೆ? ಶುಲ್ಕ ಏರಿಕೆಗೆ ಗರಿಷ್ಠ ಮಿತಿ ಏನು? ಒಂದು ವರ್ಷ ಮೀರಿದ ಬಾಡಿಗೆ, ಭೋಗ್ಯದ ಕರಾರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕೆಂಬುದು 1908ರ ನೋಂದಣಿ ಕಾಯ್ದೆಯ ನಿಯಮ. 30 ಲಕ್ಷ ಕಟ್ಟಿ 11 ತಿಂಗಳ ನೋಂದಣಿಯಿಲ್ಲದ ಕಾಗದ ಹಿಡಿದು ಕೂರಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಹೆಚ್ಚಾಗಿ ಕೊನೆಯ ಪುಟದಲ್ಲಿರುತ್ತದೆ. ನೀವು ಹಾಸಿಗೆ ಹಿಡಿದರೆ, ಮರೆವಿನ ಕಾಯಿಲೆ ಬಂದರೆ ಏನು? ಸ್ವತಂತ್ರವಾಗಿ ಇರಲಾಗದವರು ಮನೆ ತೆರವು ಮಾಡಬೇಕೆಂದು ಕೆಲವು ಕರಾರುಗಳು ಹೇಳುತ್ತವೆ. ಅಂದರೆ ಆಸರೆ ಅತ್ಯಂತ ಬೇಕಾದ ದಿನವೇ ಹೊಸ ಜಾಗ ಹುಡುಕಬೇಕಾಗುತ್ತದೆ. ಅದೇ ಆವರಣದಲ್ಲಿ ಸಹಾಯಸಹಿತ ವಾಸ ಇದೆಯೇ, ಖಾಸಗಿ ಸಹಾಯಕರನ್ನು ಮನೆಯಲ್ಲಿ ಇಟ್ಟುಕೊಳ್ಳಲು ಬಿಡುತ್ತಾರೆಯೇ, ಹೊರಗೆ ಕಳುಹಿಸುವ ತೀರ್ಮಾನ ಯಾರದು ಎಂಬುದು ಬರಹದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಬಾಯಿಮಾತಿನಲ್ಲಿ "ಅಯ್ಯೋ, ಹಾಗೆಲ್ಲ ಕಳಿಸಲ್ಲ ಸಾರ್" ಎನ್ನುವ ವ್ಯವಸ್ಥಾಪಕರು ಎರಡು ವರ್ಷದಲ್ಲಿ ಬದಲಾಗಿರುತ್ತಾರೆ.

ಹಂತ 7: ಭೇಟಿ

ಮೊದಲ ಸಲ ಹೇಳಿ ಹೋಗಿ, ಎರಡನೆಯ ಸಲ ಹೇಳದೆ ಹೋಗಿ. ಭಾನುವಾರ ಬೇಡ, ವಾರದ ನಡುವಿನ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಹೋಗಿ, ಊಟದ ಮನೆಯಲ್ಲಿ ಒಂದು ಗಂಟೆ ಕುಳಿತುಕೊಳ್ಳಿ. ಜನ ಒಬ್ಬರೊಡನೊಬ್ಬರು ಮಾತನಾಡುತ್ತಾರೆಯೇ, ತಟ್ಟೆ ನೋಡಿಕೊಂಡು ತಿಂದು ಎದ್ದು ಹೋಗುತ್ತಾರೆಯೇ, ಬಡಿಸುವವರು ಹೆಸರು ಹಿಡಿದು ಕರೆಯುತ್ತಾರೆಯೇ ಎಂದು ನೋಡಿದರೆ ಕರಪತ್ರ ಹೇಳದ ಬಹಳ ವಿಷಯ ತಿಳಿಯುತ್ತದೆ.

ಮನೆಯೊಳಗೆ ಹೋದಾಗ ಸ್ನಾನದ ಮನೆಯಲ್ಲಿ ಒಂದು ಬಕೆಟ್ ನೀರು ಸುರಿದು, ಅದು ಎತ್ತ ಹರಿಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಗೋಡೆಯ ಹಿಡಿಕೆಯನ್ನು ಮೈಭಾರ ಬಿಟ್ಟು ಎಳೆಯಿರಿ. ಗಾಲಿಕುರ್ಚಿ ಸಲೀಸಾಗಿ ಹೋಗಲು ಬಾಗಿಲು 900 ಮಿಲಿಮೀಟರ್ ಅಗಲ ಇರಬೇಕು. ಇಳಿಜಾರು ದಾರಿ ಒಂದು ಅಡಿ ಏರಲು ಕನಿಷ್ಠ 12 ಅಡಿ ಉದ್ದ ಇರಬೇಕು. ಅಳತೆ ಟೇಪು ಜೇಬಿನಲ್ಲಿರಲಿ. ತುರ್ತು ಗುಂಡಿಯನ್ನು ಒತ್ತಿ, ಯಾರಾದರೂ ಬರಲು ಎಷ್ಟು ನಿಮಿಷವಾಯಿತೆಂದು ಗಡಿಯಾರ ನೋಡಿ. ನಾನು ನೋಡಿಬಂದ ಒಂದು ಸಮುಚ್ಚಯದಲ್ಲಿ ಸ್ನಾನದ ಮನೆಯ ತುರ್ತು ಹಗ್ಗ ನೆಲದವರೆಗೆ ಇಳಿಬಿದ್ದಿರಬೇಕಿತ್ತು. ನೆಲ ತೊಳೆಯುವವರಿಗೆ ಅಡ್ಡವಾಗುತ್ತದೆಂದು ಅದನ್ನು ಸುರುಳಿ ಸುತ್ತಿ, ಎದೆಮಟ್ಟದಲ್ಲಿ ಗಂಟು ಹಾಕಿದ್ದರು. ಗಂಟಿನ ಮೇಲೆ ಧೂಳು ಕೂತಿತ್ತು. ಬಿದ್ದವರ ಕೈಗೆ ಅದು ನಿಲುಕುವುದಿಲ್ಲ ಎಂಬುದು ಅಲ್ಲಿ ಯಾರಿಗೂ ತೋಚಿರಲಿಲ್ಲ.

ಈಗಾಗಲೇ ಇರುವ ಇಬ್ಬರು ನಿವಾಸಿಗಳೊಂದಿಗೆ ವ್ಯವಸ್ಥಾಪಕರಿಲ್ಲದೆ ಮಾತನಾಡಿ. ಕಳೆದ ವರ್ಷ ಶುಲ್ಕ ಎಷ್ಟು ಏರಿತು, ರಾತ್ರಿ ಪಾಳಿಯಲ್ಲಿ ದಾದಿ ನಿಜವಾಗಿ ಇರುತ್ತಾರೆಯೇ, ಬಿಟ್ಟುಹೋದವರು ಏಕೆ ಬಿಟ್ಟರು ಎಂಬ ಮೂರೇ ಪ್ರಶ್ನೆ ಸಾಕು. ಇನ್ನೊಂದನ್ನು ಕೇಳಲು ಸಂಕೋಚವಾಗುತ್ತದೆ, ಆದರೆ ಕೇಳಲೇಬೇಕು. ಯಾರಾದರೂ ತೀರಿಕೊಂಡರೆ ಮಕ್ಕಳು ಬರುವವರೆಗೆ ದೇಹವನ್ನು ಅಲ್ಲಿ ಇರಿಸಲು ಬಿಡುತ್ತಾರೆಯೇ, ಕರ್ಮಾಂತರಗಳನ್ನು ಎಲ್ಲಿ ಮಾಡಬೇಕು? ಹೊರದೇಶದಲ್ಲಿ ಮಕ್ಕಳಿರುವವರಿಗೆ ಇದು ಬಹಳ ಮುಖ್ಯ.

ಹಂತ 8: ಒಂದು ತಿಂಗಳು ಇದ್ದು ನೋಡಿ

ಬಹಳಷ್ಟು ಕಡೆ ಬಾಡಿಗೆಗೆ ಕೆಲವು ವಾರ ಇರಲು ಅವಕಾಶ ಕೊಡುತ್ತಾರೆ. ಕೊಡದ ಕಡೆಗೆ ಹೋಗಬೇಡಿ ಎಂದೇ ನನ್ನ ಸಲಹೆ. ಮೂರು ದಿನ ಸಾಲದು. ಆ ಮೂರು ದಿನ ನೀವು ಅತಿಥಿಗಳು. ಎರಡನೆಯ ವಾರದಲ್ಲಿ ಮಧ್ಯಾಹ್ನ ಮೂರು ಗಂಟೆಯ ಹೊತ್ತು ಹೇಗೆ ಕಳೆಯುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಆ ಊರಿನ ಅತ್ಯಂತ ಕಷ್ಟದ ಕಾಲವನ್ನೇ ಆರಿಸಿಕೊಳ್ಳಿ. ಬೆಂಗಳೂರಿನ ಹೊರವಲಯವಾದರೆ ಮಾರ್ಚ್, ಏಪ್ರಿಲ್. 2024ರ ಬೇಸಿಗೆಯಲ್ಲಿ ಅಲ್ಲಿ ನೀರಿಗೆ ಆದ ಪರದಾಟ ನೆನಪಿರಲಿ. ಮಲೆನಾಡಿನ ಸಮುಚ್ಚಯವಾದರೆ ಜುಲೈ. ಗೋಡೆಯ ಬೂಸ್ಟು, ವಿದ್ಯುತ್ ಕಡಿತ, ಒಣಗದ ಬಟ್ಟೆ ಎಲ್ಲವೂ ಆಗ ಕಾಣುತ್ತವೆ. ತೋಟವಿರುವವರು ಕೊಯ್ಲಿನ ತಿಂಗಳುಗಳಲ್ಲಿ ಹೋಗಬಾರದು. ಮನಸ್ಸು ಕಣದಲ್ಲಿಯೇ ಇರುತ್ತದೆ, ಅಲ್ಲಿ ಕಂಡದ್ದೆಲ್ಲ ಬೇಸರವೆನಿಸುತ್ತದೆ. ಪ್ರತಿ ರಾತ್ರಿ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ಇಂದು ಯಾರೊಡನೆ ಮಾತನಾಡಿದೆ, ಏನು ತಿಂದೆ, ಎಷ್ಟು ನಡೆದೆ, ನಿದ್ದೆ ಹೇಗಿತ್ತು. ತಿಂಗಳ ಕೊನೆಗೆ ಮೂವತ್ತು ಸಾಲುಗಳನ್ನು ಒಟ್ಟಿಗೆ ಓದಿದಾಗ ಉತ್ತರ ಬಹುಪಾಲು ಸಿಕ್ಕಿರುತ್ತದೆ.

ಹಂತ 9: ಮಕ್ಕಳೊಂದಿಗೆ ಮಾತು, ಆಸ್ತಿಯ ವಿಷಯ

ಮಕ್ಕಳೆಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ತಿಳಿಸದಿದ್ದರೆ ಮುಂದೆ ಮನಸ್ತಾಪಕ್ಕೆ ಅದೇ ಬೀಜ. ಮನೆ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದು ಮೊದಲು ಸ್ಪಷ್ಟವಾಗಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅವರ ಒಪ್ಪಿಗೆಯಿಲ್ಲದೆ ಮಾರಿದರೆ ವ್ಯಾಜ್ಯ ಬೆನ್ನು ಹತ್ತುತ್ತದೆ.

"ಹೇಗೂ ಹೋಗುತ್ತಿದ್ದೀರಿ, ಮನೆಯನ್ನು ನಮ್ಮ ಹೆಸರಿಗೆ ಮಾಡಿಬಿಡಿ" ಎಂಬ ಮಾತು ಬಂದರೆ ದಾನಪತ್ರಕ್ಕಿಂತ ಉಯಿಲು ಬರೆಯುವುದು ಕ್ಷೇಮ. ಉಯಿಲನ್ನು ಬದುಕಿರುವವರೆಗೆ ಬದಲಿಸಬಹುದು. ದಾನಪತ್ರ ನೋಂದಣಿಯಾದೊಡನೆ ಆಸ್ತಿ ನಿಮ್ಮದಲ್ಲ. ದಾನಪತ್ರವನ್ನೇ ಬರೆಯಬೇಕಾಗಿ ಬಂದರೆ, ಪಡೆಯುವವರು ನಿಮ್ಮ ಪಾಲನೆ ಪೋಷಣೆ ಮಾಡಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆಯ 2007ರ ಕಾಯ್ದೆಯ 23ನೆಯ ಕಲಮಿನಡಿ, ಆ ಷರತ್ತು ಮುರಿದರೆ ದಾನವನ್ನು ರದ್ದುಪಡಿಸಲು ಅರ್ಜಿ ಹಾಕಬಹುದು. ಷರತ್ತು ಇತ್ತೆಂಬುದು ರುಜುವಾತಾಗಬೇಕೆಂದು ಸುಪ್ರೀಂ ಕೋರ್ಟ್ 2022ರ ತೀರ್ಪೊಂದರಲ್ಲಿ ಹೇಳಿರುವುದರಿಂದ ಬಾಯಿಮಾತಿನ ಭರವಸೆ ಸಾಲದು. ಅರ್ಜಿ ಕೇಳುವುದು ಉಪವಿಭಾಗಾಧಿಕಾರಿಗಳ, ಅಂದರೆ ಎ.ಸಿ. ಯವರ ನ್ಯಾಯಮಂಡಳಿ, ಹಾಸನ ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ ಉಪವಿಭಾಗಗಳಿವೆ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಚಿಕ್ಕಮಗಳೂರು, ತರೀಕೆರೆ. ಎಲ್ಲಿ ಹೋಗಬೇಕೆಂದು ತಿಳಿಯದಾದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಮನೆ ಮಾರಿ ಸಮುಚ್ಚಯದ ಮನೆ ಕೊಳ್ಳುವವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ, ಆದರೆ ಅದು ಮನೆ ಕೊಂಡವರಿಗೆ. ಹಿಂದಿರುಗುವ ಠೇವಣಿ ಕಟ್ಟುವುದು ಮನೆ ಕೊಂಡಂತಲ್ಲ. ಮಾರುವ ಮುಂಚೆಯೇ ಆಡಿಟರನ್ನು ಕಾಣಿರಿ.

ಹಂತ 10: ಹೋದ ಮೇಲೆ ಮೊದಲ ವರ್ಷ

ಬ್ಯಾಂಕ್, ವಿಮೆ, ಪಿಂಚಣಿ ಕಚೇರಿಗಳಲ್ಲಿ ಹೊಸ ವಿಳಾಸವನ್ನು ತಿಳಿಸಿ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದಾದ್ದರಿಂದ ಅದಕ್ಕಾಗಿ ಊರಿಗೆ ಓಡಬೇಕಾಗಿಲ್ಲ. ಮತದಾರರ ಪಟ್ಟಿ, ಪಡಿತರ ಚೀಟಿಯ ಬದಲಾವಣೆಗೆ ಆತುರ ಬೇಡ. ಒಂದು ವರ್ಷ ಕಳೆದು ಅಲ್ಲಿಯೇ ಉಳಿಯುವುದು ನಿಶ್ಚಯವಾದ ಮೇಲೆ ಮಾಡಿಸಿ.

ಊರಿನ ಮನೆಯನ್ನು ಬಾಡಿಗೆಗೆ ಕೊಡುವುದಾದರೆ 11 ತಿಂಗಳಿಗಷ್ಟೇ ಕೊಡಿ, ಒಂದು ಕೋಣೆಯನ್ನು ಬೀಗ ಹಾಕಿ ನಿಮಗೆ ಇಟ್ಟುಕೊಳ್ಳಿ. ಖಾಲಿ ಬಿಡುವುದಾದರೆ ವಾರಕ್ಕೊಮ್ಮೆ ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಲು ನಂಬಿಕೆಯವರಿಗೆ ಸಂಬಳ ಗೊತ್ತುಮಾಡಿ, ಮಳೆಗಾಲದಲ್ಲಿ ವಾರಕ್ಕೆ ಎರಡು ಬಾರಿ ತೆರೆಸಿ. ಒಂದು ಮಳೆಗಾಲ ಮುಚ್ಚಿಟ್ಟ ಮನೆಯಲ್ಲಿ ಗೆದ್ದಲು ಬಾಗಿಲ ಚೌಕಟ್ಟನ್ನೇ ತಿಂದುಬಿಡುತ್ತದೆ. ಮನೆ ಕಂದಾಯ, ವಿದ್ಯುತ್ ಬಿಲ್ಲು ಬಾಕಿ ಬೀಳದಿರಲಿ. ಹಾಸಿಗೆ, ಎರಡು ಜೊತೆ ಬಟ್ಟೆ, ಸ್ಟೌವ್, ನಾಲ್ಕು ಪಾತ್ರೆಗಳನ್ನು ಅಲ್ಲಿಯೇ ಬಿಟ್ಟಿರಿ. ಗೌರಿ ಹಬ್ಬಕ್ಕೋ ಊರ ಜಾತ್ರೆಗೋ ಬಂದು ನಾಲ್ಕು ದಿನ ಅಲ್ಲಿ ಮಲಗಿ ಎದ್ದ ಮೇಲೆ, ವರ್ಷ ತುಂಬುವ ಹೊತ್ತಿಗೆ ಮೊದಲ ಹಂತದಲ್ಲಿ ಬರೆದ ಎರಡು ಕಾಗದಗಳನ್ನು ಇಬ್ಬರೂ ತೆಗೆದು ಓದಿ. ಮನೆ ಮಾರುವ ಮಾತನ್ನು ಆಗ ಎತ್ತಬಹುದು.